ದಿನಾ ನೋಡೋದನ್ನ ಯಾರು ನೋಡ್ತಾರೆ?

ಪ್ರಶ್ನೆ: ಸರ್, ನಮ್ಮ ತೋಟ ಸುಂಟಿಕೊಪ್ಪದ ಹತ್ತಿರ. ಎರಡು ವರ್ಷದಿಂದ ಫೋನಿನಲ್ಲೇ ದಿನನಿತ್ಯದ ಫೋಟೋ ತೆಗೆಯುತ್ತಿದ್ದೇನೆ. ಕಾಫಿ ಕುಯ್ಲು, ಕಣ, ಲೈನ್‌ಮನೆ (ಕೂಲಿಯವರ ಸಾಲುಮನೆ) ಮುಂದೆ ತಲೆ ಬಾಚುವವರು, ಹೀಗೆ. 60 ಆರಿಸಿಟ್ಟಿದ್ದೇನೆ. ಮಡಿಕೇರಿಯಲ್ಲಿ ಪ್ರದರ್ಶನ ಮಾಡುವ ಆಸೆ. "ಇದನ್ನ ದಿನಾ ನೋಡ್ತೀವಲ್ಲ, ಯಾರು ಬರ್ತಾರೆ? ಪುತ್ತರಿ ಹಬ್ಬದ ಕೋಲಾಟದ್ದು ಹಾಕು" ಅಂತಾರೆ ನಮ್ಮ ಮಾವ. ಏನು ಮಾಡಲಿ?
– ಓದುಗಿ, ಸುಂಟಿಕೊಪ್ಪ

ಉತ್ತರ: ಮಾವ ಹೇಳಿದ್ದು ಸುಳ್ಳಲ್ಲ. ಕೊಡವರ ಕುಪ್ಯಚೇಲೆ ಉಡುಪು, ಸೊಂಟದ ಪೀಚೆಕತ್ತಿ, ಮಂಜು, ಅಬ್ಬಿ ಜಲಪಾತ. ಸ್ಟುಡಿಯೋದಲ್ಲಿ ಮೂವತ್ತು ವರ್ಷ ನಾನೂ ಇದನ್ನೇ ಮಾರಿದೆ. ಅಂಗಡಿ ಬಾಡಿಗೆ ಕಟ್ಟಿದ್ದು ಅದರಿಂದಲೇ, ಹಾಗಾಗಿ ಬೈಯಲ್ಲ. ಆದರೆ ಸಂಜೆ ಹೊತ್ತು ಕೊಂಬೆಗೆ ನೇತುಹಾಕಿದ ತಕ್ಕಡಿ, ಅದರ ಪಕ್ಕ ಪುಸ್ತಕ ಹಿಡಿದು ತೂಕ ಬರೆಯುವ ರೈಟರ್, ಹಿಂದೆ ಮೂಟೆ ಇಳಿಸಿ ಸಾಲಾಗಿ ನಿಂತ ಹೆಂಗಸರು – ಇದರ ಒಂದೇ ಒಂದು ಫೋಟೋ ನನ್ನ ಹತ್ತಿರ ಇಲ್ಲ. ದಿನಾ ಇತ್ತಲ್ಲ, ನಾಳೆ ತೆಗೆದರಾಯ್ತು ಅಂದುಕೊಂಡಿದ್ದೆ.

ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಗೊತ್ತಲ್ವಾ? ಅವರು ತೆಗೆದ ಮಕ್ಕಳ ಫೋಟೋಗಳ ಪ್ರದರ್ಶನ 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷಕ್ಕೆ, ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲೇ ನಡೆಯಿತು. ಮಕ್ಕಳನ್ನೂ ನಾವು ದಿನಾ ನೋಡ್ತೀವಿ. ಮಾವನಿಗೆ ಇಷ್ಟು ಹೇಳಿ, ಸಾಕು.

ನನ್ನ ಚಿಂತೆ ಬೇರೆ. ಫೋಟೋದಲ್ಲಿ ಇರುವವರನ್ನು ಕೇಳಿದ್ದೀರಾ? ಕಾಗದದಲ್ಲಿ ಆ ಮಾತೇ ಇಲ್ಲ.

ಒಮ್ಮೆ ನಾನೂ ಹತ್ತಿಪ್ಪತ್ತು ಫೋಟೋ ಗೋಡೆಗೆ ಹಾಕಿದ್ದೆ. ಒಂದರಲ್ಲಿ ರೋಬಸ್ಟಾ ಕಾಫಿ ಕುಯ್ಯುವ ಎರಡು ಕೈ. ಬೆರಳೆಲ್ಲ ಕಪ್ಪು, ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಚೂರು, ಮಣಿಕಟ್ಟಿನಲ್ಲಿ ಒಂದೇ ಹಸಿರು ಬಳೆ. ಅದರ ಪಕ್ಕ ಅದೇ ಹೆಂಗಸಿನ ಮುಖ. ಕೆಳಗೆ 'ಕೂಲಿ ಹೆಂಗಸು, ಕೊಡಗು' ಅಂತ ಬರೆದಿದ್ದೆ. ಆವತ್ತು ಶುಕ್ರವಾರ, ಸಂತೆ. ಕೈಚೀಲದಲ್ಲಿ ಒಣಮೀನು ಇಟ್ಟುಕೊಂಡು ಒಬ್ಬ ಹುಡುಗಿ ಒಳಗೆ ಬಂದಳು. ತುಂಬಾ ಹೊತ್ತು ನಿಂತಳು. "ಇದು ನಮ್ಮವ್ವ. ಹೆಸರು ಹಾಕಿಲ್ವಲ್ಲ?" ಅಂದಳು. ಜೇಬಲ್ಲಿದ್ದ ಬಾಲ್‌ಪೆನ್ ತೆಗೆದು ಅಲ್ಲೇ ಬರೆದೆ. ಕೈ ನಡುಗಿ ಅಕ್ಷರ ಸೊಟ್ಟಗಾಯಿತು. (ಇಲ್ಲಿ ಆ ಹೆಸರು ಹಾಕಲ್ಲ. ಮಗಳನ್ನು ಕೇಳಿಲ್ಲ.)

ದೊಡ್ಡವರೂ ಎಡವಿದ್ದಾರೆ. 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ತೋಟದ ಕೂಲಿ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೋ ತೆಗೆದರು. ಲೋಕವೆಲ್ಲ ನೋಡಿತು. ಆಕೆಯ ಹೆಸರು ತಾನು ಕೇಳಲೇ ಇಲ್ಲ ಅಂತ ಲ್ಯಾಂಗ್ ಅವರೇ ಆಮೇಲೆ ಬರೆದಿದ್ದಾರೆ. ಫ್ಲಾರೆನ್ಸ್ ಥಾಂಪ್ಸನ್ ಅನ್ನುವ ಹೆಸರು ಹೊರಬಿದ್ದದ್ದು 1978ರಲ್ಲಿ. ಒಂದು ಕಾಸೂ ಬರಲಿಲ್ಲ ಅಂತ ಆಕೆಗೆ ಸಿಟ್ಟಿತ್ತು.

ನಿಮ್ಮದು ಇನ್ನೂ ಸೂಕ್ಷ್ಮ. ನೀವು ತೋಟದ ಯಜಮಾನರ ಮನೆಯವರು. ನೀವು ಕೇಳಿದರೆ ಲೈನ್‌ಮನೆಯಲ್ಲಿ ಯಾರು 'ಬೇಡ' ಅಂತಾರೆ? ನಕ್ಕು ತಲೆ ಆಡಿಸ್ತಾರೆ, ಅಷ್ಟೇ. ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಒಂದೊಂದು ಸಣ್ಣ ಪ್ರಿಂಟ್ ಮಾಡಿಸಿ ಅವರ ಕೈಗೆ ಕೊಡಿ. ಎರಡು ದಿನ ಬಿಟ್ಟು ಅವರಲ್ಲೇ ಒಬ್ಬರ ಮೂಲಕ ಕೇಳಿಸಿ. ತಲೆ ಬಾಚುವ ಫೋಟೋ ಬೇಡ ಅಂದರೆ ಬೇಡ, ಎಷ್ಟೇ ಚೆನ್ನಾಗಿರಲಿ. ಒಪ್ಪಿದವರ ಹೆಸರು ಅವರು ಹೇಳಿದ ಹಾಗೇ ಬರೆಯಿರಿ. ಜೊತೆಗೆ ಊರು, ತಿಂಗಳು, ಮಾಡುತ್ತಿರುವ ಕೆಲಸ. 'ಬೆವರಿನ ಹನಿ', 'ಬದುಕಿನ ಬಣ್ಣ' ಇಂಥದ್ದೆಲ್ಲ ಬೇಡ ಮಾರಾಯ್ರೇ.

60 ಜಾಸ್ತಿ ಆಯ್ತು, 25ಕ್ಕೆ ಇಳಿಸಿ. ಹೊಳೆಯುವ ಕಾಗದ ಬೇಡ, ಟ್ಯೂಬ್‌ಲೈಟ್ ಬಿಟ್ಟು ಬೇರೇನೂ ಕಾಣಲ್ಲ. ಮಳೆಗಾಲದಲ್ಲಂತೂ ಇಟ್ಟುಕೊಳ್ಳಬೇಡಿ: ಒಂದು ಜುಲೈಯಲ್ಲಿ ನನ್ನ ಪ್ರಿಂಟ್‌ಗಳು ಬೂಷ್ಟು ಹಿಡಿದು, ಟೇಪ್ ಬಿಟ್ಟು, ರಾತ್ರಿಯೆಲ್ಲ ಒಂದೊಂದಾಗಿ ಉದುರಿದ್ದವು. ಕುಯ್ಲಿನ ಸಮಯದಲ್ಲೂ ಬೇಡ, ಫೋಟೋದಲ್ಲಿ ಇರುವವರಿಗೇ ಬರೋಕಾಗಲ್ಲ. ಕುಯ್ಲು ಮುಗಿದ ಮೇಲೆ ಒಂದು ಶುಕ್ರವಾರ ನೋಡಿ, ಸಂತೆಗೆ ಹೇಗೂ ಬರ್ತಾರೆ.

ಅಂದಹಾಗೆ, ಆ 60ರಲ್ಲಿ ಮಾವ ಇದ್ದಾರಾ? ಮೋಡ ಕಂಡು ಓಡಿಬಂದು ಕಣಕ್ಕೆ ಟಾರ್ಪಲ್ ಎಳೆಯುತ್ತಿರುವಂಥದ್ದು ಏನಾದರೂ? ಇದ್ದರೆ ಬಾಗಿಲಿನ ಎದುರಿಗೇ ಹಾಕಿ. ಅವರನ್ನೂ ಕೇಳಿ, ಮತ್ತೆ.