ತಂದೆಯವರ ಮುಖದ ಊತಕ್ಕೆ ಸ್ಟೆಂಟ್ ಯಾಕೆ?

ನಮಸ್ಕಾರ. ಶ್ವಾಸಕೋಶದ ಕ್ಯಾನ್ಸರ್ ಇರುವ ನಿಮ್ಮ ತಂದೆಯವರ ಮುಖ, ಕುತ್ತಿಗೆ ಊದಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ಕೀಮೋಗೆ ಮೊದಲೇ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಪುಟ್ಟ ಕೊಳವೆ) ಯಾಕೆ ಅಂತ ಕೇಳಿದ್ದೀರಿ.

ತಲೆ ಮತ್ತು ಕೈಗಳಿಂದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ನಾಳವನ್ನು ಗೆಡ್ಡೆ ಒತ್ತುತ್ತಿರುತ್ತದೆ. ಆ ನಾಳದ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ಹಾಗಾಗಿ ಬೇಗ ಅಮುಕಿಹೋಗುತ್ತದೆ, ರಕ್ತ ಮೇಲೆಯೇ ತಡೆದು ನಿಂತು ಮುಖ, ಕುತ್ತಿಗೆ ಊದುತ್ತವೆ. ಕೀಮೋ, ರೇಡಿಯೇಷನ್‌ನಿಂದ ಗೆಡ್ಡೆ ಕುಗ್ಗಲು ವಾರಗಳೇ ಬೇಕಾಗಬಹುದು. ಸ್ಟೆಂಟ್ ಹಾಕಿದರೆ ಸಾಮಾನ್ಯವಾಗಿ 2-3 ದಿನಗಳಲ್ಲೇ ಊತ ಇಳಿಯುತ್ತಾ ಬರುತ್ತದೆ. ಉಸಿರಿಗೆ ಒದ್ದಾಡುತ್ತಿರುವವರಿಗೆ ಇದು ತುಂಬಾ ದೊಡ್ಡ ವಿಷಯ ಅಲ್ವಾ?

ಎದೆ ತೆರೆಯುವ ಆಪರೇಷನ್ ಅಲ್ಲ, ಹೆದರಬೇಡಿ. ತೊಡೆಸಂದಿ ಅಥವಾ ಕುತ್ತಿಗೆಯ ರಕ್ತನಾಳದಿಂದ ತೆಳ್ಳನೆಯ ತಂತಿ ತೂರಿಸಿ, ಎಕ್ಸ್‌ರೇಯಲ್ಲಿ ನೋಡುತ್ತಾ, ಅಮುಕಿದ ಜಾಗದಲ್ಲಿ ಲೋಹದ ಜಾಲರಿ ಕೊಳವೆಯನ್ನು ಬಿಡಿಸುತ್ತಾರೆ. ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸಿ, ಸ್ವಲ್ಪ ಮಂಪರು ಬರಿಸಿದರೆ ಸಾಕು.

ಆದರೆ ಸ್ಟೆಂಟ್ ಕ್ಯಾನ್ಸರನ್ನು ಗುಣಪಡಿಸುವುದಿಲ್ಲ, ಕೀಮೋ ಬೇಕೇ ಬೇಕಾಗಬಹುದು. ಮುಂದೆ ರಕ್ತ ಹೆಪ್ಪುಗಟ್ಟಿಯೋ ಗೆಡ್ಡೆ ಬೆಳೆದೋ ಮತ್ತೆ ಮುಚ್ಚಿಕೊಳ್ಳಬಹುದು. ಸ್ಟೆಂಟ್ ಜರುಗುವುದು, ರಕ್ತಸ್ರಾವ ಅಪರೂಪ, ಆದರೂ ಉಂಟು. ಹೆಪ್ಪು ಈಗಲೇ ಇದೆಯಾ, ರಕ್ತ ತೆಳುವಾಗಿಸುವ ಮಾತ್ರೆ ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ. ಯಾವ ಬಗೆಯ ಕ್ಯಾನ್ಸರ್ ಅಂತಲೂ ತಿಳಿದುಕೊಳ್ಳಿ. ಸ್ಮಾಲ್ ಸೆಲ್ ಆಗಿದ್ದರೆ ಕೀಮೋಗೇ ಬೇಗ ಕರಗುವುದುಂಟು. ಆಗ, ಲಕ್ಷಣ ತೀವ್ರವಾಗಿಲ್ಲದಿದ್ದರೆ, ಸ್ಟೆಂಟ್ ಬೇಡ ಎನ್ನಬಹುದು.

ಅಲ್ಲಿಯವರೆಗೆ ತಲೆ ಎತ್ತರಕ್ಕಿಟ್ಟು ಮಲಗಿಸಿ. ಉಸಿರಾಡುವಾಗ ಕೀರಲು ಶಬ್ದ, ಗೊಂದಲದ ಮಾತು, ಜಾಸ್ತಿ ಮಂಪರು ಕಂಡರೆ ಕಾಯಲೇಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.