ಮಗಳ ಜೊತೆ ಕನ್ನಡವನ್ನೇ ಮಾತಾಡಿ

ಅಮೆರಿಕದ ಆಲ್ಬನಿಗೆ ಬಂದು ಮೂರು ತಿಂಗಳಾಯಿತು, ಇಲ್ಲಿಯವರಾಗಬೇಕಾದರೆ ಐದು ವರ್ಷದ ಮಗಳ ಜೊತೆ ಮನೆಯಲ್ಲೂ ಇಂಗ್ಲಿಷೇ ಮಾತಾಡಬೇಕು ಅಂತ ಪಕ್ಕದ ಮನೆಯವರು ಹೇಳಿದರು, ಹೌದಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ನಾನು ಬಂದು 24 ವರ್ಷವಾಯಿತು, ಈ ಒಂದು ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಈ ಮಾತು ಹೊಸದಲ್ಲ. ನೀವಿರುವ ಆಲ್ಬನಿಯಲ್ಲೇ 1919ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆ ರಾಜದ್ರೋಹದ ತನಿಖೆಗೆ ಒಂದು ಸಮಿತಿ ಮಾಡಿತು, ಕ್ಲೇಟನ್ ಲಸ್ಕ್ ಅನ್ನುವ ಸೆನೆಟರ್ ಅದರ ಅಧ್ಯಕ್ಷ. ಜರ್ಮನಿಯ ಜೊತೆಗಿನ ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು, ರಷ್ಯಾದಲ್ಲಿ ಕ್ರಾಂತಿಯಾಗಿತ್ತು, ಇಲ್ಲಿ ಎಲ್ಲಿ ನೋಡಿದರೂ ಮುಷ್ಕರ. ಹೊರಗಿನಿಂದ ಬಂದ ಕೂಲಿಕಾರರನ್ನು ಕಂಡರೆ ಅನುಮಾನ. ನ್ಯೂಯಾರ್ಕ್ ನಗರದಲ್ಲಿ ಕೆಲಸಗಾರರಿಗೆ ಪಾಠ ಹೇಳುತ್ತಿದ್ದ ರ‍್ಯಾಂಡ್ ಸ್ಕೂಲಿಗೂ ಸಮಿತಿಯವರು ನುಗ್ಗಿ ಕಾಗದಪತ್ರ ಹೊತ್ತೊಯ್ದರು. 1920ರಲ್ಲಿ ನಾಲ್ಕು ಸಂಪುಟದ ವರದಿ ಬಂತು. ಎರಡರಲ್ಲಿ ದ್ರೋಹದ ವಿಚಾರ. ಉಳಿದೆರಡರಲ್ಲಿ ಏನು ಗೊತ್ತಾ? ಮುಖ್ಯವಾಗಿ ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸಿ ಅವರನ್ನು ಅಮೆರಿಕದವರನ್ನಾಗಿ ಮಾಡುವ ವಿಚಾರ. ಕಲಿಸುವುದು ಒಳ್ಳೆಯದೇ. ಆದರೆ ಅನುಮಾನ, ಪಾಠ ಎರಡೂ ಒಂದೇ ವರದಿಯಲ್ಲಿ ಕೂತರೆ ನಿಮ್ಮ ಭಾಷೆಯೇ ನಿಮ್ಮ ತಪ್ಪು ಅಂದ ಹಾಗಾಯಿತು, ಅಲ್ವಾ?

ಆ ಸಮಿತಿಗೂ ಒಂದು ವರ್ಷ ಮುಂಚೆ, 1918ರಲ್ಲಿ, ಅಯೋವಾ ರಾಜ್ಯದ ಗವರ್ನರ್ ಶಾಲೆ, ರೈಲು, ಚರ್ಚು, ಕೊನೆಗೆ ಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಅಂತ ಆಜ್ಞೆ ಹೊರಡಿಸಿದ್ದರು. ನೆಬ್ರಾಸ್ಕಾದಲ್ಲಿ ರಾಬರ್ಟ್ ಮೆಯರ್ ಅನ್ನುವ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ 25 ಡಾಲರ್ ದಂಡ ಬಿತ್ತು. ಅವರು ಸುಮ್ನೆ ಕೂರಲಿಲ್ಲ. 1923ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟು, ಬೇರೆ ಭಾಷೆ ಆಡುವವರಿಗೂ ಸಂವಿಧಾನದ ರಕ್ಷಣೆ ಇದೆ ಅಂದಿತು.

ಅದೇ ವರ್ಷ ಅದೇ ಕೋರ್ಟು ಇನ್ನೊಂದು ತೀರ್ಪನ್ನೂ ಕೊಟ್ಟಿತು. ಭಗತ್ ಸಿಂಗ್ ಥಿಂಡ್ ಪಂಜಾಬಿನವರು, ಅಮೆರಿಕದ ಸೈನ್ಯದಲ್ಲಿದ್ದವರು. ಬಿಳಿಯರಲ್ಲ ಅಂತ ಅವರ ಪೌರತ್ವವನ್ನೇ ಒಪ್ಪಲಿಲ್ಲ. ನಮ್ಮವರಿಗೆ ಪೌರತ್ವದ ಬಾಗಿಲು ತೆರೆಯಲು 1946 ಬರಬೇಕಾಯಿತು. ಥಿಂಡ್ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಾ? ಚೆನ್ನಾಗಿಯೇ ಬರುತ್ತಿತ್ತು. ಮನೆಮಾತು ಬಿಟ್ಟುಕೊಟ್ಟರೆ ಇಲ್ಲಿಯವರು ಅನ್ನಿಸಿಕೊಳ್ಳುತ್ತೇವೆ ಅನ್ನುವುದು ಆಗಲೂ ನಿಜ ಆಗಿರಲಿಲ್ಲ.

ನನ್ನ ಮಗ ಚಿಕ್ಕವನಿದ್ದಾಗ ಡೇಕೇರಿನಲ್ಲಿ ಒಬ್ಬರು ನಿಮಗೆ ಹೇಳಿದ್ದನ್ನೇ ಹೇಳಿದರು, ನಾವು ನಂಬಿದೆವು. ಈಗ ತೀರ್ಥಹಳ್ಳಿಯಿಂದ ಅಜ್ಜಿ ಫೋನ್ ಮಾಡಿ "ಊಟ ಆಯ್ತಾ ಮಗಾ" ಅಂದರೆ "ಆಯ್ತು" ಅನ್ನುತ್ತಾನೆ, ಮುಂದೆ ಇಬ್ಬರಿಗೂ ಮಾತಿಲ್ಲ. ಅಜ್ಜಿ ಫೋನನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿರುತ್ತಾರೆ. ಅದನ್ನು ಸಹಿಸುವುದು ನನಗೆ ತುಂಬಾ ಕಷ್ಟ. ಮಗಳ ಹೊತ್ತಿಗೆ ಬುದ್ಧಿ ಬಂತು. ಅವಳು ಅಣ್ಣನ ಮೇಲಿನ ಚಾಡಿಯನ್ನೂ ಅಜ್ಜಿಗೆ ಕನ್ನಡದಲ್ಲೇ ಹೇಳುತ್ತಾಳೆ, ಇಂಗ್ಲಿಷಿನಲ್ಲಿ ಕ್ಲಾಸಿನ ಯಾರಿಗೂ ಕಮ್ಮಿಯಿಲ್ಲ.

ಇಂಗ್ಲಿಷ್ ಹೊಸದಾಗಿ ಕಲಿಯುವ ಮಕ್ಕಳಿಗೆ ಶಾಲೆಯಲ್ಲಿ ಬೇರೆ ಪಾಠ ಇರುತ್ತದೆ, ಇಲ್ಲಿ ಇಎನ್‌ಎಲ್ ಅನ್ನುತ್ತಾರೆ, ಟೀಚರನ್ನು ಕೇಳಿ. ಲೈಬ್ರರಿಗೆ ಜಾಸ್ತಿ ಕರ್ಕೊಂಡು ಹೋಗಿ. ರಾತ್ರಿ ಮಲಗಿಸುವಾಗ ಕಥೆ ಮಾತ್ರ ಕನ್ನಡದಲ್ಲೇ ಇರಲಿ. ನವೆಂಬರಿನಲ್ಲಿ ನಾವೆಲ್ಲ ರಾಜ್ಯೋತ್ಸವಕ್ಕೆ ಸೇರುತ್ತೇವೆ, ಅವಳನ್ನೂ ಕರ್ಕೊಂಡು ಬನ್ನಿ, ನನ್ನ ಮಗಳೂ ಇರುತ್ತಾಳೆ.