ತಾಯಿ ಸತ್ತ ದೇವಣಿ ಕರು ಬೆಳೆಯುತ್ತಿಲ್ಲ, ಬೆಳವಣಿಗೆ ಹಾರ್ಮೋನಿನ ಸೂಜಿ ಹಾಕಿಸಬಹುದೇ?

ನೀವು ಬರೆದ ಪ್ರಕಾರ, ಭಾಲ್ಕಿ ಹತ್ತಿರದ ನಿಮ್ಮ ಊರಲ್ಲಿ ದೇವಣಿ ಆಕಳು ಈದ ಒಂಬತ್ತನೇ ದಿನಕ್ಕೆ ಸತ್ತಿದೆ. ಕರುವಿಗೆ ಈಗ ಒಂದೂವರೆ ತಿಂಗಳು, ತೂಕ ಸುಮಾರು 28 ಕೆ.ಜಿ. ಎರಡು ಹೊತ್ತು ಸೇರಿ 2 ಲೀಟರ್ ಹಾಲು ಕುಡಿಸಿದರೂ ಮೈ ಹಿಡಿಯುತ್ತಿಲ್ಲ, ಒಂಟಿಯಾಗಿ ಮೂಲೆಯಲ್ಲಿ ನಿಲ್ಲುತ್ತದೆ. ಸೂಜಿ ಹಾಕಿಸಲೇ, ತಾಯಿ ಇಲ್ಲದ ಮರಿಗಳ ಮಿದುಳು ಕೆಡುತ್ತದೆಂದು ಓದಿದ್ದೇನೆ, ಇದರ ಮಿದುಳಿಗೂ ಪೆಟ್ಟಾಗಿದೆಯೇ ಎಂದು ಕೇಳಿದ್ದೀರಿ.

ಸೂಜಿ ಬೇಡ. ಹೊಟ್ಟೆ ತುಂಬದ ಕರುವಿನ ರಕ್ತದಲ್ಲಿ ಬೆಳವಣಿಗೆ ಹಾರ್ಮೋನಿಗೆ ಸಾಮಾನ್ಯವಾಗಿ ಕೊರತೆ ಇರುವುದಿಲ್ಲ. ಅದರ ಸೂಚನೆಯಂತೆ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ಲಿವರ್ ತಯಾರಿಸಬೇಕು. ಎಲುಬು, ಮಾಂಸ ಬೆಳೆಯುವುದಕ್ಕೆ ಬೇಕಾದದ್ದು ಅದು. ಮೇವು-ಹಾಲು ಸಾಲದಿದ್ದಾಗ ಲಿವರ್ ಆ ಸೂಚನೆಗೆ ಓಗೊಡುವುದಿಲ್ಲ. ಇನ್ನು ಒತ್ತಡದಲ್ಲಿ ಏರುವ ಹಾರ್ಮೋನ್ ಕಾರ್ಟಿಸಾಲ್; ಅದು ದಿನಗಟ್ಟಲೆ ಏರಿಯೇ ಇದ್ದರೆ ಮಾಂಸ ಕರಗುತ್ತದೆ, ಎಲುಬಿನ ಬೆಳವಣಿಗೆಯೂ ಕುಂಠಿತವಾಗುತ್ತದೆ. ಊರಲ್ಲಿ ಯಾರಾದರೂ 'ಡೆಕ್ಸಾ' ಹಾಕಿದರೆ ಚುರುಕಾಗುತ್ತದೆ ಅಂದರೆ ಒಪ್ಪಬೇಡಿ. ಡೆಕ್ಸಾಮೆಥಾಸೋನ್ ಅಂದರೆ ಕಾರ್ಟಿಸಾಲಿನದೇ ಕೆಲಸ ಮಾಡುವ, ಅದಕ್ಕಿಂತ ಬಹಳ ಬಲವಾದ ಔಷಧಿ. ಎರಡು ದಿನ ಲವಲವಿಕೆ ಕಾಣುತ್ತದೆ. ಮೇಲಿಂದ ಮೇಲೆ ಹಾಕಿದರೆ ಬೆಳವಣಿಗೆ ಇನ್ನೂ ಕುಗ್ಗಿ, ರೋಗ ತಡೆಯುವ ಶಕ್ತಿಯೂ ಹೋಗುತ್ತದೆ.

ಮಿದುಳಿನ ಬಗ್ಗೆ ನೀವು ಓದಿದ್ದೆಲ್ಲ ಬಹುಶಃ ಇಲಿಮರಿಗಳ ಪ್ರಯೋಗ. ಹುಟ್ಟಿದ ಮೊದಲ ಎರಡು ವಾರ ತಾಯಿ ಹತ್ತಿರವಿದ್ದರೆ ಒತ್ತಡದ ಹಾರ್ಮೋನ್ ಸ್ರವಿಸುವ ಇಲಿಮರಿಯ ಅಡ್ರಿನಲ್ ಗ್ರಂಥಿ ತಣ್ಣಗಿರುತ್ತದೆ; ಒಂದು ದಿನ ತಾಯಿಯಿಂದ ಬೇರೆ ಮಾಡಿದರೆ ಕೆರಳುತ್ತದೆ. ತಾಯಿ ಕಡಿಮೆ ನೆಕ್ಕಿದ ಮರಿಗಳ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಒತ್ತಡದ ಹಾರ್ಮೋನನ್ನು ಗುರುತಿಸಿ ಅದಕ್ಕೆ ಕಡಿವಾಣ ಹಾಕುವ ಗ್ರಾಹಕಗಳು ಕಡಿಮೆ, ಹಾಗಾಗಿ ದೊಡ್ಡವಾದ ಮೇಲೂ ಅಂಜುಬುರುಕ. ಬೇರೆ ಮಾಡಿದ ಮರಿಗಳ ಮೈಯನ್ನು ಒದ್ದೆ ಬ್ರಷ್‌ನಿಂದ ಉಜ್ಜಿದಾಗ, ಕುಸಿದಿದ್ದ ಬೆಳವಣಿಗೆ ಹಾರ್ಮೋನ್ ಮತ್ತೆ ಏರಿದ್ದನ್ನೂ ಕಂಡಿದ್ದಾರೆ. ಇದನ್ನು ಹಾಗೇ ಎತ್ತಿ ಕರುವಿಗೆ ಅನ್ವಯಿಸಲಾಗದು. ಇಲಿಮರಿ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆ, ಅದರ ಮಿದುಳಿನ ಬಹುಪಾಲು ಕಟ್ಟೋಣ ಆಮೇಲೆ. ಕರು ಒಂದೆರಡು ತಾಸಿನಲ್ಲಿ ಎದ್ದು ನಿಲ್ಲುತ್ತದೆ. ಆ ಕೆಲಸ ಹೆಚ್ಚಾಗಿ ಗರ್ಭದಲ್ಲೇ ಮುಗಿದಿರುತ್ತದೆ. ಮಿದುಳು ಕೆಟ್ಟಿತೆಂದು ಹೆದರುವ ಕಾರಣವಿಲ್ಲ. ಆದರೆ ಒಂಟಿಯಾಗಿ ಬೆಳೆದ ಕರುಗಳು ಹೊಸದನ್ನು ಕಲಿಯುವುದರಲ್ಲಿ ಹಿಂದುಳಿದದ್ದು ಕರುಗಳ ಮೇಲಿನ ಪ್ರಯೋಗದಲ್ಲೇ ಕಂಡಿದೆ. ಆದ್ದರಿಂದ ಅದೇ ವಯಸ್ಸಿನ ಇನ್ನೊಂದು ಕರುವಿನ ಜೊತೆ ಬಿಡಿ.

ನನ್ನ ಲೆಕ್ಕದಲ್ಲಿ ನಿಮ್ಮ ಮೊದಲ ತೊಡಕು ಹಾಲಿನದೇ. ತೂಕದ ಹತ್ತನೇ ಒಂದು ಭಾಗವೆಂದರೂ 2.8 ಲೀಟರ್ ಬೇಕು. ಹಿಂದೆ ಬಿದ್ದ ಕರುವಿಗೆ 4 ಲೀಟರ್ ತನಕ ಹೋಗಬಹುದು. ಒಮ್ಮೆಲೇ ಏರಿಸಿದರೆ ಭೇದಿ ಹತ್ತುತ್ತದೆ, ಎರಡು-ಮೂರು ದಿನಕ್ಕೊಮ್ಮೆ ಕಾಲು ಲೀಟರ್ ಹೆಚ್ಚಿಸಿ, ಮೂರು ಹೊತ್ತಿಗೆ ಹಂಚಿ. ಹಾಲು 38–39 ಡಿಗ್ರಿ ಬೆಚ್ಚಗಿರಲಿ. ನಿಪ್ಪಲ್ ಬಾಟಲಿಯನ್ನು ಕರು ಕತ್ತು ಚಾಚಿ ಚೀಪುವಷ್ಟು ಎತ್ತರದಲ್ಲಿ ಹಿಡಿಯಿರಿ: ಚೀಪಿದರೆ ಹಾಲು ನೇರ ಅದು ಜೀರ್ಣವಾಗುವ ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ. ಗೊಟ್ಟದಿಂದ ಸುರಿದರೆ ಮೊದಲನೇ ಹೊಟ್ಟೆಗೆ ಬಿದ್ದು ಹುಳಿಯುತ್ತದೆ. ಡೊಳ್ಳು ಹೊಟ್ಟೆ, ಒರಟು ಕೂದಲು ಬರುವುದು ಹೀಗೂ ಉಂಟು. ಹಾಲು ಮುಗಿದ ಮೇಲೆ ಹತ್ತು ನಿಮಿಷ ಖಾಲಿ ನಿಪ್ಪಲ್ ಚೀಪಲು ಬಿಡಿ. ಬರೀ ಚೀಪುವುದರಿಂದಲೇ ಇನ್ಸುಲಿನ್ ಮತ್ತು ಜೀರ್ಣದ ಹಾರ್ಮೋನ್ ಏರುತ್ತವೆ, ಜೊತೆಗಾರ ಕರುವಿನ ಹೊಕ್ಕುಳ ಚೀಪುವ ಚಟವೂ ಕಡಿಮೆಯಾಗುತ್ತದೆ. ದಿನಾ ಕತ್ತು, ಬೆನ್ನು ಉಜ್ಜಿ. ಮನುಷ್ಯರ ಅಂಜಿಕೆಯಂತೂ ಬಿಡುತ್ತದೆ.

ಕರುವಿನ ಹಿಂಡಿ, ನೀರು ಯಾವಾಗಲೂ ಮುಂದಿರಲಿ. ತಗಡಿನ ಮಾಳಿಗೆಯಾದರೆ ಮೇಲೆ ಜೋಳದ ಕಣಕಿ ಹೊದಿಸಿ. ಬಿಸಿಲು 40 ದಾಟಿದಾಗ ಕರು ತಿನ್ನುವುದೂ ಕಡಿಮೆ, ಬೆಳವಣಿಗೆಗೆ ಬೇಕಾದ ಥೈರಾಯಿಡ್ ಹಾರ್ಮೋನೂ ಇಳಿಯುತ್ತದೆ. ಸಗಣಿ ಪರೀಕ್ಷೆ ಮಾತ್ರ ಇದೇ ವಾರ ಮಾಡಿಸಿ, ಈ ವಯಸ್ಸಿನಲ್ಲಿ ದುಂಡುಹುಳು ಸಾಮಾನ್ಯ.

ವಾರಕ್ಕೊಮ್ಮೆ ಮುಂಗಾಲ ಹಿಂದೆ ಎದೆ ಸುತ್ತಳತೆ ತೆಗೆದು ಬರೆದಿಡಿ. ಮೂರು ವಾರವಾದರೂ ಅಳತೆ ಏರದಿದ್ದರೆ ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿಗೆ ಕರು ಮತ್ತು ಆ ಚೀಟಿ ಎರಡನ್ನೂ ಒಯ್ಯಿರಿ.